ಇಬ್ಬರು ನಾಯಕರ ನಡುವೆ ನಿಂತ ಹ್ಯಾರಿ ಹಾಪ್ಕಿನ್ಸ್

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನ ಮೈತ್ರಿಯನ್ನು ಕಟ್ಟಿದವರೆಂದರೆ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹೆಸರುಗಳೇ ನೆನಪಾಗುತ್ತವೆ. ಈ ಇಬ್ಬರ ನಡುವೆ ನಂಬಿಕೆ ಬೆಳೆಸಿದ ಹ್ಯಾರಿ ಹಾಪ್ಕಿನ್ಸ್ ರಾಯಭಾರಿಯಾಗಿರಲಿಲ್ಲ. ವೃತ್ತಿಯಿಂದ ಸಮಾಜ ಕಾರ್ಯಕರ್ತರು.

1890ರ ಆಗಸ್ಟ್ 17ರಂದು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಜನಿಸಿದ ಹಾಪ್ಕಿನ್ಸ್, 1912ರಲ್ಲಿ ಗ್ರಿನ್ನೆಲ್ ಕಾಲೇಜಿನಿಂದ ಪದವಿ ಪಡೆದು ನ್ಯೂಯಾರ್ಕಿನ ಬಡವರ ನಡುವೆ ಸೇವೆಗಿಳಿದರು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ, 1933ರಿಂದ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಪರಿಹಾರ ಯೋಜನೆಗಳ ಹೊಣೆ ಹೊತ್ತು ಲಕ್ಷಾಂತರ ನಿರುದ್ಯೋಗಿಗಳಿಗೆ ಕೆಲಸ ಒದಗಿಸಿದರು. 1937ರಲ್ಲಿ ಕ್ಯಾನ್ಸರ್ ಅವರ ಪತ್ನಿಯನ್ನು ಬಲಿತೆಗೆದುಕೊಂಡಿತು. ಅದೇ ವರ್ಷ ಅವರಿಗೂ ಜಠರದ ಕ್ಯಾನ್ಸರ್ ತಗುಲಿ, ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಭಾಗವನ್ನು ತೆಗೆಯಬೇಕಾಯಿತು. ಮುಂದೆ ಅವರು ಪೂರ್ಣ ಆರೋಗ್ಯ ಕಾಣಲಿಲ್ಲ.

ಚರ್ಚಿಲ್ ಪ್ರಧಾನಿಯಾದ 1940ರ ಮೇ 10ರಂದೇ ಶ್ವೇತಭವನಕ್ಕೆ ಊಟಕ್ಕೆ ಬಂದ ಹಾಪ್ಕಿನ್ಸ್ ಅಧ್ಯಕ್ಷರ ಒತ್ತಾಯದಂತೆ ಅಲ್ಲಿಯೇ ತಂಗಿದರು. ಆ ವಾಸ ಮೂರೂವರೆ ವರ್ಷ ಮುಂದುವರಿಯಿತು.

1941ರ ಜನವರಿಯಲ್ಲಿ ಅವರು ಲಂಡನ್ನಿಗೆ ತೆರಳಿದರು. ಆಗ ಅಮೆರಿಕ ಯುದ್ಧಕ್ಕಿಳಿದಿರಲಿಲ್ಲ; ಬ್ರಿಟನ್ನಿನ ಬೊಕ್ಕಸ ಬರಿದಾಗುತ್ತಿತ್ತು. ಬಾಂಬ್ ದಾಳಿಗೆ ತುತ್ತಾದ ದೇಶವನ್ನು ಸುತ್ತಿದ ಅವರು, ಬ್ರಿಟನ್ ಸೋಲೊಪ್ಪಿಕೊಳ್ಳದೆಂದೂ ನೆರವು ತುರ್ತಾಗಿ ಬೇಕೆಂದೂ ವರದಿ ಮಾಡಿದರು. ಮಾರ್ಚ್ 11ರಂದು ಲೆಂಡ್-ಲೀಸ್ ಕಾಯಿದೆ ಜಾರಿಗೆ ಬಂತು. ಜುಲೈ ಅಂತ್ಯದಲ್ಲಿ ಮಾಸ್ಕೋಗೆ ಹಾರಿ ಸ್ಟಾಲಿನ್ ಅವರನ್ನು ಕಂಡ ಹಾಪ್ಕಿನ್ಸ್, ಹಿಂದಿರುಗಿ ಚರ್ಚಿಲ್ ಅವರೊಡನೆ ಪ್ರಿನ್ಸ್ ಆಫ್ ವೇಲ್ಸ್ ಯುದ್ಧನೌಕೆಯಲ್ಲಿ ನ್ಯೂಫೌಂಡ್‌ಲೆಂಡ್ ತಲುಪಿದರು. ಅಲ್ಲಿ ಇಬ್ಬರು ನಾಯಕರು ನಡೆಸಿದ ಮಾತುಕತೆಯ ಫಲವೇ ಆಗಸ್ಟ್ 14ರಂದು ಪ್ರಕಟವಾದ ಅಟ್ಲಾಂಟಿಕ್ ಸನ್ನದು.

ಪ್ರತಿಯೊಂದು ಜನಾಂಗಕ್ಕೂ ತನ್ನ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕಿದೆ ಎಂದು ಸಾರಿದ ಸನ್ನದು ಭಾರತದಲ್ಲಿ ಆಸೆ ಮೂಡಿಸಿತು. ಆದರೆ ಸೆಪ್ಟೆಂಬರಿನಲ್ಲಿ ಚರ್ಚಿಲ್ ಭಾರತವನ್ನು ಅದರಿಂದ ಹೊರಗಿಟ್ಟರು. 1942ರ ಏಪ್ರಿಲ್‌ನಲ್ಲಿ ಕ್ರಿಪ್ಸ್ ಸಂಧಾನ ಮುರಿದುಬಿದ್ದಾಗ, ಇನ್ನೊಮ್ಮೆ ಪ್ರಯತ್ನಿಸುವಂತೆ ರೂಸ್‌ವೆಲ್ಟ್ ಸಂದೇಶ ಕಳುಹಿಸಿದರು. ಕೆರಳಿದ ಚರ್ಚಿಲ್ ಅವರ ಸಿಟ್ಟನ್ನು ಎದುರು ಕುಳಿತು ಕೇಳಿಸಿಕೊಂಡವರು ಹಾಪ್ಕಿನ್ಸ್. ಮೈತ್ರಿ ಉಳಿಯಿತು, ಭಾರತದ ಪ್ರಶ್ನೆ ಬದಿಗೆ ಸರಿಯಿತು.

1944ರಲ್ಲಿ ಹದಿನೆಂಟರ ಹರೆಯದ ಮಗ ಸ್ಟೀಫನ್ ಪೆಸಿಫಿಕ್ ರಣರಂಗದಲ್ಲಿ ಮಡಿದನು. ಆದರೂ ಮರುವರ್ಷ ಅವರು ಯಾಲ್ಟಾ ಸಮ್ಮೇಳನದಲ್ಲಿ ಪಾಲ್ಗೊಂಡರು. ರೂಸ್‌ವೆಲ್ಟ್ ನಿಧನಾನಂತರ ಅಧ್ಯಕ್ಷ ಟ್ರೂಮನ್ ಪರವಾಗಿ ಮತ್ತೆ ಮಾಸ್ಕೋಗೆ ಹೋಗಿ, ಭದ್ರತಾ ಮಂಡಳಿಯ ಮತದಾನ ಕ್ರಮದ ಬಿಕ್ಕಟ್ಟನ್ನು ಬಿಡಿಸಿದರು. 1946ರ ಜನವರಿ 29ರಂದು, 55ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಕೊನೆಯುಸಿರೆಳೆದರು.

ಸನ್ನದಿನ ಕೆಳಗೆ ಹಾಪ್ಕಿನ್ಸ್ ಹೆಸರಿಲ್ಲ. ತಮ್ಮ ಮಾತನ್ನು ಮತ್ತೊಬ್ಬರಿಗೆ ಬಣ್ಣ ಕಟ್ಟದೆ ತಲುಪಿಸುತ್ತಾರೆಂಬ ಭರವಸೆ ಇಬ್ಬರು ನಾಯಕರಿಗೂ ಅವರಲ್ಲಿತ್ತು. ಅವರಿಗಿದ್ದ ಅಧಿಕಾರವೂ ಅಷ್ಟೇ.