ಮಕ್ಕಳ ಗಂಟಲು ಕಾಯ್ದ ಡಾ. ಶೆವಲಿಯರ್ ಜಾಕ್ಸನ್

ನಾಣ್ಯ, ಗುಂಡಿ, ಪಿನ್ನು, ಕಡಲೆಬೀಜ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ಚಿಕ್ಕ ಮಕ್ಕಳ ಸ್ವಭಾವ. ನೂರಿಪ್ಪತ್ತು ವರ್ಷಗಳ ಹಿಂದೆ ಅಂಥ ವಸ್ತು ಶ್ವಾಸನಾಳಕ್ಕೆ ಇಳಿದರೆ ಮಗು ಬದುಕುವುದೇ ಕಷ್ಟವಾಗಿತ್ತು. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಪ್ರಮುಖರು ಅಮೆರಿಕದ ವೈದ್ಯ ಡಾ. ಶೆವಲಿಯರ್ ಜಾಕ್ಸನ್.

ಅವರು ಹುಟ್ಟಿದ್ದು 1865ರ ನವೆಂಬರ್ 4ರಂದು, ಪಿಟ್ಸ್‌ಬರ್ಗ್ ನಗರದಲ್ಲಿ. ಮನೆಯಲ್ಲಿ ಹಣದ ತೊಂದರೆ ಇತ್ತು. ಗಾಜಿನ ಸಾಮಾನುಗಳ ಮೇಲೆ ಚಿತ್ರ ಬರೆದು ಸಂಪಾದಿಸುತ್ತಾ ಓದಿದರು. 1886ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಗಂಟಲಿನ ವೈದ್ಯರಾದರು. ಅನೇಕ ಬಡ ರೋಗಿಗಳಿಂದ ಅವರು ಹಣ ಪಡೆಯಲಿಲ್ಲ.

ಬಾಯಿಯ ಮೂಲಕ ಒಳಗೆ ಇಳಿಸುವ ಕೊಳವೆಯ ತುದಿಯಲ್ಲಿ ಪುಟ್ಟ ದೀಪ ಇಟ್ಟು, ಉದ್ದನೆಯ ಚಿಮುಟದಿಂದ ವಸ್ತುವನ್ನು ಹೊರತೆಗೆಯುವ ವಿಧಾನವನ್ನು ಅವರು ಬೆಳೆಸಿದರು. ಮಗು ನುಂಗಿದಂಥದೇ ಇನ್ನೊಂದು ವಸ್ತುವನ್ನು ತಂದು, ಅದನ್ನು ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಕ್ಷಯರೋಗ ಹಲವು ಸಲ ಅವರನ್ನು ಹಾಸಿಗೆ ಹಿಡಿಸಿತು. ಆಗಲೂ ಸುಮ್ಮನಿರದೆ ವೈದ್ಯರಿಗಾಗಿ ಪುಸ್ತಕ ಬರೆದರು.

ಅವರನ್ನು ಹೆಚ್ಚು ನೋಯಿಸಿದ್ದು ಕಾಸ್ಟಿಕ್ ಸೋಡಾ. ಸೋಪು ತಯಾರಿಸಲು, ಮನೆ ತೊಳೆಯಲು ಆಗ ಅದನ್ನು ಮನೆಮನೆಯಲ್ಲೂ ಇಡುತ್ತಿದ್ದರು. ನೋಡಲು ಸಕ್ಕರೆಯಂತಿದ್ದ ಅದನ್ನು ಮಕ್ಕಳು ತಿಂದುಬಿಡುತ್ತಿದ್ದರು. ಅನ್ನನಾಳ ಸುಟ್ಟು, ಗಾಯ ಮಾಗುವಾಗ ದಾರಿ ಕಿರಿದಾಗುತ್ತಿತ್ತು. ಅಂಥ ಒಬ್ಬ ಹುಡುಗಿಗೆ ನೀರು ಕೂಡ ಇಳಿಯುತ್ತಿರಲಿಲ್ಲ. ಜಾಕ್ಸನ್ ಅಡಚಣೆ ತೆಗೆದ ಮೇಲೆ ನೀರನ್ನು ಗುಟುಕು ಗುಟುಕಾಗಿ ಕುಡಿದ ಆಕೆ, ಅವರ ಕೈಗೆ ಮುತ್ತಿಟ್ಟಳು.

ಚಿಕಿತ್ಸೆ ಒಂದೇ ಸಾಲದು, ಡಬ್ಬಿಯ ಮೇಲೆ ವಿಷ ಎಂದು ಬರೆದಿರಲೇಬೇಕು ಎಂದು ಅವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 1927ರಲ್ಲಿ ಅಮೆರಿಕದಲ್ಲಿ ಆ ಕಾನೂನು ಬಂತು. ವಿಷ ಎಂಬ ಸೂಚನೆಯ ಜೊತೆಗೆ, ನುಂಗಿದರೆ ಏನು ಮಾಡಬೇಕು ಎಂಬುದನ್ನೂ ಮುದ್ರಿಸುವುದು ಕಡ್ಡಾಯವಾಯಿತು.

ಜಾಕ್ಸನ್ 1958ರಲ್ಲಿ, ತಮ್ಮ 92ನೇ ವಯಸ್ಸಿನಲ್ಲಿ ತೀರಿಕೊಂಡರು. ರೋಗಿಗಳ ದೇಹದಿಂದ ತೆಗೆದ 2,374 ವಸ್ತುಗಳ ಅವರ ಸಂಗ್ರಹ ಇಂದಿಗೂ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ.

ವಾಣಿಜ್ಯ ವಿಭಾಗದ ನಾವು ಗ್ರಾಹಕರ ಹಕ್ಕುಗಳ ಪಾಠದಲ್ಲಿ ಸುರಕ್ಷತೆಯ ಹಕ್ಕು, ಮಾಹಿತಿಯ ಹಕ್ಕು ಎಂದು ಪರೀಕ್ಷೆಗಾಗಿ ಓದುತ್ತೇವೆ. ಡಬ್ಬಿಯ ಮೇಲಿನ ಒಂದು ಸಾಲು ಎಷ್ಟೋ ಮಕ್ಕಳ ಗಂಟಲು ಉಳಿಸಬಲ್ಲದು ಎಂಬುದನ್ನು ಈ ವೈದ್ಯರ ಜೀವನ ತಿಳಿಸುತ್ತದೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಆಸಿಡ್, ಫಿನಾಯಿಲ್ ಬಾಟಲಿಗಳನ್ನು ಇಂದೇ ಮೇಲಿನ ಕಪಾಟಿನಲ್ಲಿಡೋಣ.