ಕಾಣದ ಬೇಲಿಯನ್ನು ಕಂಡ ಅರಸ: ನಾಲ್ವಡಿ ಕೃಷ್ಣರಾಜ ಒಡೆಯರು

ಅನ್ಯಾಯವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಡೆಯುವ ಕೈ, ಬೈಯುವ ಬಾಯಿ. ಆದರೆ ಕೈಯೂ ಬಾಯಿಯೂ ಇಲ್ಲದ ಅನ್ಯಾಯವೊಂದಿದೆ. ಅದು ನಿಯಮ, ಪರೀಕ್ಷೆ, ರೂಢಿಗಳೊಳಗೆ ಅಡಗಿ ಕುಳಿತಿರುತ್ತದೆ. ಲಂಡನ್ನಿನ ಕರಿಯ ತರುಣನೊಬ್ಬನ ಕೊಲೆಯ ತನಿಖೆಯಲ್ಲಿ ಪೊಲೀಸರು ಎಡವಿದ್ದನ್ನು ವಿಚಾರಿಸಿದ ಮ್ಯಾಕ್‌ಫರ್ಸನ್ ವರದಿಯು 1999ರಲ್ಲಿ ಇದನ್ನು ಸಾಂಸ್ಥಿಕ ಜನಾಂಗಭೇದ ಎಂದು ಗುರುತಿಸಿತು. ನಮ್ಮ ನಾಡಿನಲ್ಲಿ ಅದೇ ರೋಗ ಜಾತಿಯ ರೂಪದಲ್ಲಿತ್ತು. ಅದನ್ನು ಎಂಬತ್ತು ವರ್ಷ ಮೊದಲೇ ಗುರುತಿಸಿ ಮದ್ದು ಹುಡುಕಿದ ಅರಸರೊಬ್ಬರು ಮೈಸೂರಿನಲ್ಲಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು. ತಂದೆ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಾಗ ಬಾಲಕನಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಂಡರು. 1902ರಲ್ಲಿ ಅಧಿಕಾರ ನಾಲ್ವಡಿಯವರ ಕೈಗೆ ಬಂತು. ಕನ್ನಂಬಾಡಿ ಕಟ್ಟೆ, 1916ರ ಮೈಸೂರು ವಿಶ್ವವಿದ್ಯಾನಿಲಯ ಮುಂತಾದವು ಅವರ ಕಾಲದ ಸಾಧನೆಗಳೆಂದು ಎಲ್ಲರೂ ಬಲ್ಲರು.

ಆದರೆ ಆ ಕಾಲದ ಕಚೇರಿಗಳೊಳಗೆ ಒಮ್ಮೆ ಇಣುಕಿ ನೋಡೋಣ. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇರದ ಬ್ರಾಹ್ಮಣ ಸಮುದಾಯದವರ ಕೈಯಲ್ಲಿ ಸರಕಾರದ ಅರ್ಧಕ್ಕಿಂತ ಹೆಚ್ಚು ಉನ್ನತ ಹುದ್ದೆಗಳಿದ್ದವು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಬರಬಾರದೆಂಬ ಕಾನೂನೇನೂ ಇರಲಿಲ್ಲ. ಬೇಕಾದದ್ದು ಇಂಗ್ಲಿಷ್ ವಿದ್ಯೆ. ಆ ವಿದ್ಯೆ ಇದ್ದದ್ದು ಪಟ್ಟಣದಲ್ಲಿ. ಕಂದಿಕೆರೆಯಂತಹ ಊರಿನಲ್ಲಿ ತೆಂಗಿನಕಾಯಿ ಸುಲಿದು ಬದುಕುವ ಬಡವನ ಮಗ ಅದನ್ನು ಕಲಿಯಬೇಕಾದರೆ ಊರು ಬಿಡಬೇಕು, ಊಟ-ವಸತಿಗೆ ಹಣ ಬೇಕು, ಆಸರೆ ಕೊಡುವ ಬಂಧುಗಳು ಬೇಕು. ಇವು ಯಾವುವೂ ಇಲ್ಲದವನಿಗೆ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ಅವನನ್ನು ಯಾರೂ ದ್ವೇಷಿಸಬೇಕಾಗಿರಲಿಲ್ಲ. ವ್ಯವಸ್ಥೆಯೇ ಅವನನ್ನು ಹೊರಗಿಡುತ್ತಿತ್ತು.

1917ರಲ್ಲಿ ಹಿಂದುಳಿದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿದರು. ಮುಸ್ಲಿಮರೂ ಅದರಲ್ಲಿದ್ದರು. ಮರುವರ್ಷ ಅವರು ಮಹಾರಾಜರ ಬಳಿ ಅಹವಾಲು ಒಯ್ದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ಅವರ ನಿಲುವು. ನಾಡಿಗಾಗಿ ದುಡಿದ ಆ ದಕ್ಷ ದಿವಾನರು ಅದೇ ವರ್ಷದ ಕೊನೆಗೆ ಅಧಿಕಾರ ಬಿಟ್ಟರು. ಅಂತಹವರನ್ನು ಕಳೆದುಕೊಳ್ಳುವುದು ಅರಸರಿಗೆ ಸುಲಭವಾಗಿರಲಿಲ್ಲ. ಆದರೂ ಅವರು ಹಿಂಜರಿಯಲಿಲ್ಲ.

1919ರಲ್ಲಿ ವರದಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು, ಓದಿಗೆ ನೆರವು ದೊರೆಯಬೇಕು ಎಂದು ಅದು ಸೂಚಿಸಿತು. 1921ರಲ್ಲಿ ಸರಕಾರ ಅದನ್ನು ಆಧರಿಸಿ ಆಜ್ಞೆ ಹೊರಡಿಸಿತು.

1926ರಲ್ಲಿ, ಬಾಲ್ಯದಲ್ಲಿ ಮಹಾರಾಜರ ಜೊತೆಗೇ ಕಲಿತಿದ್ದ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ಅದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಒಬ್ಬ ಮುಸ್ಲಿಮ್ ದಿವಾನನಾದ ಮಾತ್ರಕ್ಕೆ ಹಳ್ಳಿಯ ಮುಸ್ಲಿಮ್ ಹುಡುಗ ಗುಮಾಸ್ತನಾಗುವುದಿಲ್ಲ. ಅವನಿಗೆ ಬೇಕಾದದ್ದು 1921ರಂತಹ ಆಜ್ಞೆ.

ಈ ಮದ್ದಿನಲ್ಲೂ ಕೊರತೆಯಿತ್ತು. ಹೆಚ್ಚಿನ ಲಾಭ ಹೋದದ್ದು ಭೂಮಿಯೂ ಅಷ್ಟಿಷ್ಟು ವಿದ್ಯೆಯೂ ಇದ್ದ ಸಮುದಾಯಗಳಿಗೆ. ಅಸ್ಪೃಶ್ಯರೆನಿಸಿದವರಿಗೆ ದಕ್ಕಿದ್ದು ಅತ್ಯಲ್ಪ. ಅವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಾಗ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದ ತಂದೆ-ತಾಯಂದಿರಿದ್ದರು. 1940ರ ಆಗಸ್ಟ್ 3ರಂದು ನಾಲ್ವಡಿಯವರು ನಿಧನರಾದಾಗ ಕೆಲಸ ಅರ್ಧದಲ್ಲಿಯೇ ಇತ್ತು.

ಪ್ರಿಯ ಓದುಗರೇ, ನಮಾಝಿನ ಸಾಲಿನಲ್ಲಿ ಧನಿಕನೂ ಕೂಲಿಯವನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತೇವೆ. ಸಲಾಮ್ ಹೇಳಿ ಹೊರಬಂದ ಮೇಲೆ? ಜಮಾಅತಿನ ಸಮಿತಿಯಲ್ಲಿ ವರ್ಷವರ್ಷವೂ ಅದೇ ಮನೆತನಗಳು. ಸಂಬಂಧ ಬೆಳೆಸುವಾಗ ಬಿರಾದರಿಯ ಲೆಕ್ಕ. ಅವರು ಬರಬಾರದೆಂದು ನಾವೆಲ್ಲೂ ಬರೆದಿಟ್ಟಿಲ್ಲ, ನಿಜ. ಮೈಸೂರಿನ ಕಚೇರಿಗಳಲ್ಲೂ ಬರೆದಿಟ್ಟಿರಲಿಲ್ಲ. ಮುಂದಿನ ಸಭೆಯಲ್ಲಿ ಯಾರು ಬಂದಿದ್ದಾರೆಂದು ಎಣಿಸುವ ಮೊದಲು, ಯಾರು ಎಂದೂ ಬಂದಿಲ್ಲವೆಂದು ಒಮ್ಮೆ ಎಣಿಸಿ ನೋಡೋಣ.