ಚಕ್ರವಾಲ ಯಾರದ್ದು ಅಂತ ಕೇಳಿದ ಮೈಸೂರಿನ ಮೇಷ್ಟ್ರು

ಎ. ಕೆ. ರಾಮಾನುಜನ್ ಹೆಸರು ನಮ್ಮ ಕನ್ನಡ ಸಂಘದವರಿಗೆಲ್ಲ ಗೊತ್ತು. 'ಹೊಕ್ಕುಳಲ್ಲಿ ಹೂವಿಲ್ಲ' ಬರೆದ ಕವಿ, ನಮ್ಮ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರು, ಶಿಕಾಗೋದಲ್ಲಿ ಪಾಠ ಮಾಡಿದವರು. ಆದರೆ ಅವರ ಹೆಸರಿನಲ್ಲಿರುವ 'ಕೆ' ಏನು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ಳುತ್ತೇವೆ. 'ಎ' ಅಂದರೆ ಅತ್ತಿಪಟ್ಟು ಅನ್ನುವ ಊರು. 'ಕೆ' ಅಂದರೆ ಕೃಷ್ಣಸ್ವಾಮಿ, ಅವರ ತಂದೆ. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಮಗನ ಕಥೆಯನ್ನಲ್ಲ, ಆ 'ಕೆ'ಯ ಕಥೆಯನ್ನು. ಯಾಕೆಂದರೆ ಎಂಜಿನಿಯರಿಂಗ್ ಓದುತ್ತಿರುವ ನಮಗೆ ಮಗನಿಗಿಂತ ತಂದೆಯೇ ಒಂದು ಕೈ ಹತ್ತಿರದವರು.

ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯ ಅತ್ತಿಪಟ್ಟಿನಲ್ಲಿ. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲಿ ಗಣಿತದ ಎಂ.ಎ. ಮುಗಿಸಿದಾಗ ಅವರಿಗೆ ಬರೀ 18 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಸಿಇಟಿ ರ‍್ಯಾಂಕ್ ಬಂತಾ ಇಲ್ವಾ ಅನ್ನೋ ಚಿಂತೆ ಇರುತ್ತದೆ! ಓದಿದ ಕಾಲೇಜಿನಲ್ಲೇ ಕೆಲವು ಕಾಲ ಪಾಠ ಮಾಡಿ, 1918ರಲ್ಲಿ ಮೈಸೂರಿಗೆ ಬಂದರು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿ ಆಗಿನ್ನೂ ಎರಡೇ ವರ್ಷ. ಅಲ್ಲಿ ಗಣಿತದ ಮೇಷ್ಟ್ರಾಗಿ ಸೇರಿದವರು 1947ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ತಮಿಳು ಮಾತನಾಡುವ ಮನೆಯವರಾದರೂ ಬದುಕೆಲ್ಲ ಕಳೆದದ್ದು ನಮ್ಮ ಜಿಲ್ಲೆಯಲ್ಲೇ.

ಅವರ ಮನೆ ಹೇಗಿತ್ತು ಅನ್ನೋದು ಮಗನ ಬರಹಗಳಿಂದ ನಮಗೆ ಗೊತ್ತಾಗುತ್ತದೆ. ಕೆಳಗಡೆ ಅಡುಗೆಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಪ್ಪನ ಓದುವ ಕೋಣೆಯಿದ್ದ ಮಹಡಿಯ ಮೇಲೆ ಇಂಗ್ಲಿಷ್. ಆ ಕೋಣೆ ತುಂಬ ಪುಸ್ತಕಗಳು. ಮೇಷ್ಟ್ರು ಗಣಿತ, ಖಗೋಳ ಎರಡನ್ನೂ ಬಲ್ಲವರು, ಸಂಸ್ಕೃತ ವಿದ್ವಾಂಸರು, ಜೊತೆಗೆ ನುರಿತ ಜ್ಯೋತಿಷಿ. ತಲೆಗೆ ಬಿಳಿ ರುಮಾಲು, ಹಣೆಗೆ ನಾಮ, ಮೈಗೆ ಕೋಟು, ಟೈ. ಅವರನ್ನು ಕಾಣಲು ವಿದೇಶಿ ಗಣಿತಜ್ಞರೂ ಬರುತ್ತಿದ್ದರು, ಪಂಚಾಂಗ ಹಿಡಿದ ಜೋಯಿಸರೂ ಬರುತ್ತಿದ್ದರು. ನೆಪ್ಚೂನ್, ಪ್ಲೂಟೊ ಸಿಕ್ಕಾಗಿದೆ, ಆದರೂ ನವಗ್ರಹ ಹಿಡಿದುಕೊಂಡು ಜಾತಕ ಬರೆಯುತ್ತೀರಲ್ಲ ಅಂತ ಮಗ ರೇಗಿದ್ದೂ ಉಂಟು. ಅಪ್ಪ ಅದಕ್ಕೆ ಸಿಟ್ಟಾಗಲಿಲ್ಲ. ಲೆಕ್ಕದಲ್ಲಿ ಬೇಕಾದ ತಿದ್ದುಪಡಿ ಮಾಡಿಕೊಂಡರಾಯಿತು ಅನ್ನುವ ಧಾಟಿಯಲ್ಲೇ ಉತ್ತರ ಕೊಟ್ಟರಂತೆ. ಒಂದೇ ತಲೆಯೊಳಗೆ ಎರಡೂ ಹೇಗೆ ಇರುತ್ತವೆ ಅನ್ನುವ ಪ್ರಶ್ನೆ ಮಗನನ್ನು ಬಿಡಲೇ ಇಲ್ಲ. ಭಾರತೀಯ ಯೋಚನಾಕ್ರಮದ ಬಗ್ಗೆ ಅವರು ಮುಂದೆ ಬರೆದ ಹೆಸರಾಂತ ಪ್ರಬಂಧದಲ್ಲೂ ಅಪ್ಪನೇ ಬಂದು ನಿಲ್ಲುತ್ತಾರೆ.

ಇನ್ನು ಅವರ ಗಣಿತಕ್ಕೆ ಬರೋಣ. ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ, ಪಿಯುಸಿ ಮಟ್ಟ ದಾಟುವುದಿಲ್ಲ.

ಬೀಚನಹಳ್ಳಿಯ ಕಬಿನಿ ಅಣೆಕಟ್ಟಿಗೆ ಫೀಲ್ಡ್ ವಿಸಿಟ್ ಹೋದಾಗ, ಎತ್ತರದಿಂದ ಚಿಮ್ಮಿ ಬೀಳುವ ನೀರಿನ ದಾರಿ ಹೆಚ್ಚುಕಡಿಮೆ ಒಂದು ಪ್ಯಾರಾಬೋಲಾ ಅಂತ ನಮಗೆ ತಟ್ಟನೆ ಹೊಳೆಯುತ್ತದೆ. ಕಣ್ಣಿಗೆ ಕಂಡ ಬಾಗಿದ ಗೆರೆಗೆ ಒಂದು ಸಮೀಕರಣ, ಸಮೀಕರಣಕ್ಕೆ ಒಂದು ಗೆರೆ: 1637ರಲ್ಲಿ ಡೆಕಾರ್ಟ್ ಪುಸ್ತಕ ತಂದಾಗಿನಿಂದ ನಾವು ಕಲಿಯುತ್ತಿರುವ ಅನಲಿಟಿಕಲ್ ಜಾಮಿಟ್ರಿಯ ತಿರುಳು ಇಷ್ಟೇ. ಅದೇ ಕಾಲದಲ್ಲಿ ಫೆರ್ಮಾ ಕೂಡ ಇದೇ ದಾರಿಯನ್ನು ತಾನೇ ಕಂಡುಕೊಂಡಿದ್ದ. ಈಗ 'ಎಕ್ಸ್² − 61ವೈ² = 1' ಅನ್ನುವ ಸಮೀಕರಣ ತೆಗೆದುಕೊಳ್ಳಿ. ಗ್ರಾಫ್ ಎಳೆದರೆ ಹೈಪರ್ಬೋಲಾ ಬರುತ್ತದೆ, ಅದು ಸುಲಭ. ಆದರೆ ಆ ಹೈಪರ್ಬೋಲಾ ಗ್ರಾಫ್ ಹಾಳೆಯ ಚೌಕಗಳ ಮೂಲೆಯನ್ನು ಸರಿಯಾಗಿ ಮುಟ್ಟುವ ಬಿಂದು ಯಾವುದು? ಅಂದರೆ ಎಕ್ಸ್, ವೈ ಎರಡೂ ಪೂರ್ಣಾಂಕ ಆಗಿರಬೇಕು, ವೈ ಸೊನ್ನೆ ಆಗಬಾರದು.

61ರ ಜಾಗದಲ್ಲಿ 60 ಇದ್ದರೆ ಉತ್ತರ 31 ಮತ್ತು 4. ಅದು 62 ಆದರೆ 63 ಮತ್ತು 8. ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು. ಆದರೆ 61ಕ್ಕೆ ಸಿಗುವ ಅತಿ ಚಿಕ್ಕ ಉತ್ತರ ಎಷ್ಟು ಗೊತ್ತಾ? ಎಕ್ಸ್ 1766319049, ವೈ 226153980. ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಕೂತರೆ ಕೈಲೆಕ್ಕದಲ್ಲಿ ಜನ್ಮ ಸಾಲದು. ಫೆರ್ಮಾ 1657ರಲ್ಲಿ ಇಂಥ ಲೆಕ್ಕಗಳನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಎಸೆದ. ಅದರಲ್ಲಿ ಈ 61 ಕೂಡ ಇತ್ತು. ಇಂಗ್ಲೆಂಡಿನಲ್ಲಿ ಬ್ರೌಂಕರ್ ದಾರಿ ಕಂಡುಕೊಂಡ. ನಂತರ ಬಂದ ಆಯ್ಲರ್ ತಪ್ಪು ತಿಳಿದು, ಅದಕ್ಕೆ ಹೆಚ್ಚಿನ ಸಂಬಂಧವೇ ಇಲ್ಲದ ಜಾನ್ ಪೆಲ್ ಎಂಬವನ ಹೆಸರು ಅಂಟಿಸಿಬಿಟ್ಟ. ಪುಸ್ತಕಗಳಲ್ಲಿ ಇವತ್ತಿಗೂ ಅದು 'ಪೆಲ್ ಸಮೀಕರಣ'ವೇ!

ತಮಾಷೆ ಅಂದರೆ, 61ರ ಇದೇ ಉತ್ತರ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಆಗಲೇ ಇತ್ತು. ಕಾಲ ಸುಮಾರು 1150, ಫೆರ್ಮಾನಿಗಿಂತ 500 ವರ್ಷ ಹಿಂದೆ. ವಿಧಾನದ ಹೆಸರು ಚಕ್ರವಾಲ. ಅದರ ಬೇರು ಇನ್ನೂ ಹಿಂದಕ್ಕೆ, 628ರಲ್ಲಿ ಬರೆದ ಬ್ರಹ್ಮಗುಪ್ತನ ತನಕ ಹೋಗುತ್ತದೆ. ಎರಡು ಉತ್ತರಗಳನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸುವ 'ಭಾವನಾ' ಸೂತ್ರ ಅವನದ್ದು.

ಚಕ್ರವಾಲದ ಒಂದು ಸುತ್ತು ಹೀಗೆ. 8ರ ವರ್ಗ 64, ಅದರಲ್ಲಿ 61 ಕಳೆದರೆ 3 ಉಳಿಯುತ್ತದೆ. ನಮಗೆ ಬೇಕಾದ್ದು 1, ಆದರೆ 3 ಬಂದಿದೆ. ಈಗ ಇನ್ನೊಂದು ಸಂಖ್ಯೆ ಹುಡುಕಬೇಕು. ಅದಕ್ಕೆ 8 ಕೂಡಿಸಿದರೆ 3ರಿಂದ ಭಾಗ ಹೋಗಬೇಕು, ಜೊತೆಗೆ ಅದರ ವರ್ಗ 61ಕ್ಕೆ ಆದಷ್ಟು ಹತ್ತಿರ ಇರಬೇಕು. 7 ಸರಿಹೋಗುತ್ತದೆ. ಅದನ್ನು ಬಳಸಿ ಹೊಸ ಜೋಡಿ ಮಾಡಿದರೆ 39 ಮತ್ತು 5 ಬರುತ್ತವೆ. 39ರ ವರ್ಗ 1521, 61 ಇಂಟು 25 ಅಂದರೆ 1525, ವ್ಯತ್ಯಾಸ −4. ಇದೇ ಥರ ಸುತ್ತುತ್ತಾ ಹೋದರೆ ಕೊನೆಗೆ 1 ಸಿಗುತ್ತದೆ. −4 ಸಿಕ್ಕಿದರಂತೂ ಬ್ರಹ್ಮಗುಪ್ತನ ಸೂತ್ರ ಹಾಕಿ ನೇರ ಉತ್ತರಕ್ಕೇ ಜಿಗಿಯಬಹುದು.

ಸರಿ, ಆದರೆ ಯಾವ ಸಂಖ್ಯೆ ಕೊಟ್ಟರೂ ಚಕ್ರ ಕೊನೆಗೆ 1ಕ್ಕೆ ಬಂದೇ ನಿಲ್ಲುತ್ತದೆ ಅಂತ ಏನು ಗ್ಯಾರಂಟಿ? ಕೋಡ್ ಬರೆಯುವ ನಮಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಟೆಸ್ಟ್ ಕೇಸ್ ಪಾಸಾದ ಮಾತ್ರಕ್ಕೆ ಪ್ರೋಗ್ರಾಂ ಸರಿ ಅನ್ನೋಕಾಗಲ್ಲ. ಭಾಸ್ಕರಾಚಾರ್ಯರ ಗ್ರಂಥದಲ್ಲಿ ವಿಧಾನ ಇದೆ, ಉದಾಹರಣೆ ಇದೆ, ಸಾಧನೆ ಇಲ್ಲ. ಪಶ್ಚಿಮದ ಹಲವು ವಿದ್ವಾಂಸರ ಲೆಕ್ಕದಲ್ಲಿ ಇದು ಕೈ ಪಳಗಿಸಿಕೊಂಡವರ ಒಂದು ಚಮತ್ಕಾರ. ನಿಜವಾದ ಗಣಿತ ಅನ್ನಿಸಿಕೊಂಡದ್ದು 18ನೇ ಶತಮಾನದಲ್ಲಿ ಲಗ್ರಾಂಜ್ ಕೊಟ್ಟ ಸಾಧನೆ.

ಕೃಷ್ಣಸ್ವಾಮಿ ಅಯ್ಯಂಗಾರ್ ಕೈ ಹಾಕಿದ್ದು ಇಲ್ಲೇ. ಭಾರತೀಯ ಗಣಿತ ಸಂಘದ ಜರ್ನಲ್ಲಿನಲ್ಲಿ 1929–30ರಲ್ಲಿ ಅವರ ಲೇಖನ ಬಂತು. ಶ್ರೀನಿವಾಸ ರಾಮಾನುಜನ್ನರ ಮೊದಲ ಲೇಖನ 1911ರಲ್ಲಿ ಅಚ್ಚಾಗಿದ್ದೂ ಅದೇ ಜರ್ನಲ್ಲಿನಲ್ಲಿ. ಮೇಷ್ಟ್ರು ಸಂಸ್ಕೃತ ಶ್ಲೋಕಗಳನ್ನು ನೇರವಾಗಿ ಓದಬಲ್ಲವರು, ಹೊಸ ಗಣಿತವನ್ನೂ ಬಲ್ಲವರು. ಹಾಗಾಗಿ ಭಾಸ್ಕರಾಚಾರ್ಯರು ಹೇಳಿದ ನಿಯಮವನ್ನು ಹಾಗೇ ಇಟ್ಟುಕೊಂಡು, ಅದರಿಂದಲೇ ಸಾಧನೆ ಕಟ್ಟಿದರು. ಪ್ರತಿ ಸುತ್ತಿನಲ್ಲೂ ಪೂರ್ಣಾಂಕಗಳೇ ಬರುತ್ತವೆ, ಚಕ್ರ ತಿರುಗಿ ಬಂದೇ ಬರುತ್ತದೆ, 1 ಸಿಕ್ಕೇ ಸಿಗುತ್ತದೆ ಅಂತ ತೋರಿಸಿದರು. ಇದು ಯುರೋಪಿನವರ ಕಂಟಿನ್ಯೂಡ್ ಫ್ರ್ಯಾಕ್ಷನ್ ವಿಧಾನದ ಇನ್ನೊಂದು ವೇಷ ಅನ್ನುವವರಿಗೆ, ಎರಡೂ ಬೇರೆ ಬೇರೆ ಅಂತಲೂ ತೋರಿಸಿಕೊಟ್ಟರು. 61ಕ್ಕೆ ಸಾಮಾನ್ಯ ಕಂಟಿನ್ಯೂಡ್ ಫ್ರ್ಯಾಕ್ಷನ್ ಹಿಡಿದರೆ 22 ಹೆಜ್ಜೆ ಬೇಕು, ಚಕ್ರವಾಲಕ್ಕೆ ಅದಕ್ಕಿಂತ ಕಡಿಮೆ ಸಾಕು. ಹತ್ತಿರದ ವರ್ಗವನ್ನು ಆರಿಸಿಕೊಳ್ಳುವ ಆ ನಿಯಮದಲ್ಲೇ ಗುಟ್ಟಿದೆ. ಅದರ ಪೂರ್ತಿ ಸಿದ್ಧಾಂತವನ್ನು 1940ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಜರ್ನಲ್ಲಿನಲ್ಲಿ ಬರೆದರು.

ಅವರ ಆಸಕ್ತಿ ಲೆಕ್ಕಕ್ಕೆ ಮಾತ್ರ ನಿಲ್ಲಲಿಲ್ಲ. ಯಾವ ಲೆಕ್ಕ ಯಾರದ್ದು, ಯಾವ ಕಾಲದ್ದು ಅನ್ನುವುದೂ ಅವರನ್ನು ಕಾಡುತ್ತಿತ್ತು. ಆರ್ಯಭಟನ ಗಣಿತದ ಬಗ್ಗೆ ಬರೆದರು, ಅಂಕಿಗಳ ಹುಟ್ಟಿನ ಬಗ್ಗೆ ಬರೆದರು. 1939ರಲ್ಲಿ ಬಕ್ಷಾಲಿ ಹಸ್ತಪ್ರತಿಯ ಬಗ್ಗೆ ಬರೆದರು. ಪೇಶಾವರದ ಹತ್ತಿರದ ಬಕ್ಷಾಲಿ ಹಳ್ಳಿಯಲ್ಲಿ 1881ರಲ್ಲಿ ನೆಲ ಅಗೆಯುವಾಗ ಸಿಕ್ಕ ಭೂರ್ಜಪತ್ರದ ಗಣಿತ ಪುಸ್ತಕ ಅದು. ಜಿ. ಆರ್. ಕೇ ಎಂಬ ಇಂಗ್ಲಿಷ್ ವಿದ್ವಾಂಸ ಅದನ್ನು 12ನೇ ಶತಮಾನಕ್ಕೆ ತಳ್ಳಿದರೆ, ಬೇರೆಯವರು ಅದಕ್ಕಿಂತ ಎಷ್ಟೋ ಶತಮಾನ ಹಿಂದಕ್ಕೆ ಒಯ್ದರು. ಅದರಲ್ಲಿ ಉಳಿದಿರುವುದು ಛಜಕ ಎಂಬವನ ಮಗ ಬರೆದದ್ದು ಅನ್ನುವ ಸುಳಿವು ಮಾತ್ರ, ಅದೂ ಪ್ರತಿ ಮಾಡಿದವನ ಬಗ್ಗೆ. ಲೆಕ್ಕ ಕಟ್ಟಿದವನ ಹೆಸರೇ ಇಲ್ಲ.

ಚಕ್ರವಾಲದ ವಿಷಯದಲ್ಲೂ ಹಾಗೇ. ಭಾಸ್ಕರಾಚಾರ್ಯರು ಇದು ನನ್ನದು ಅಂತ ಎಲ್ಲೂ ಹೇಳಿಕೊಂಡಿಲ್ಲ. ತಿಳಿದವರು ಇದನ್ನು ಚಕ್ರವಾಲ ಅನ್ನುತ್ತಾರೆ ಅಂತಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಹಾಗಾದರೆ ಆ ತಿಳಿದವರು ಯಾರು? ಉತ್ತರ 1954ರಲ್ಲಿ ಬಂತು. ಲಕ್ನೋದ ಕೆ. ಎಸ್. ಶುಕ್ಲ ಅವರು 1073ರ 'ಸುಂದರೀ' ಎಂಬ ವ್ಯಾಖ್ಯಾನದಲ್ಲಿ ಜಯದೇವ ಅನ್ನುವ ಗಣಿತಜ್ಞನ ಶ್ಲೋಕಗಳನ್ನು ಗುರುತಿಸಿದರು. ಚಕ್ರವಾಲ ಅಲ್ಲಿ ಪೂರ್ತಿಯಾಗಿತ್ತು, ಭಾಸ್ಕರಾಚಾರ್ಯರಿಗಿಂತ ಕಡಿಮೆ ಅಂದರೂ ಮುಕ್ಕಾಲು ಶತಮಾನ ಮೊದಲೇ. ಕೃಷ್ಣಸ್ವಾಮಿ ಅಯ್ಯಂಗಾರ್ ತೀರಿಕೊಂಡದ್ದು 1953ರಲ್ಲಿ. ಯಾವ ವಿಧಾನಕ್ಕೆ ಇಷ್ಟು ವರ್ಷ ದುಡಿದರೋ, ಅದರ ಹಿಂದಿದ್ದ ಹೆಸರು ಹೊರಬರುವ ಹೊತ್ತಿಗೆ ಅವರಿರಲಿಲ್ಲ.

ಅವರ ಸ್ವಂತ ಹೆಸರಿಗೂ ಅದೇ ಗತಿಯಾಯಿತು. ಆಂದ್ರೆ ವೇಯ್ ಎಂಬ ದೊಡ್ಡ ಫ್ರೆಂಚ್ ಗಣಿತಜ್ಞ 1984ರಲ್ಲಿ ಸಂಖ್ಯಾಶಾಸ್ತ್ರದ ಇತಿಹಾಸ ಬರೆದರು. ಚಕ್ರವಾಲವನ್ನು ಮೆಚ್ಚಿಕೊಂಡರು. ಆದರೆ ಅದು ಗೆಲ್ಲುತ್ತದೆ ಅನ್ನುವುದು ಭಾರತೀಯರಿಗೆ ಮಾಡಿ ನೋಡಿ ತಿಳಿದ ಸಂಗತಿ ಅಷ್ಟೇ, ಸಾಧನೆ ಬಂದದ್ದು ಯುರೋಪಿನಲ್ಲಿ ಅನ್ನುವಂತೆ ಬರೆದರು. ಆ ಹಳೆಯ ಗಣಿತಜ್ಞರ ಮಟ್ಟಿಗೆ ಮಾತು ಸರಿಯೇ ಇರಬಹುದು. ಆದರೆ ಅವರದೇ ನಿಯಮದ ಮೇಲೆ ನಿಂತ ಸಾಧನೆಯೊಂದು ಮೈಸೂರಿನಲ್ಲಿ ಅರ್ಧ ಶತಮಾನದ ಹಿಂದೆಯೇ ಹುಟ್ಟಿತ್ತಲ್ಲ! 1930ರಿಂದ 32ರವರೆಗೆ ವೇಯ್ ಇದ್ದದ್ದೂ ಭಾರತದಲ್ಲೇ, ಅಲಿಗಢದಲ್ಲಿ ಪ್ರಾಧ್ಯಾಪಕರಾಗಿ. ಮೈಸೂರಿನ ಮೇಷ್ಟ್ರ ಲೇಖನ ಅಚ್ಚಾಗಿದ್ದು ಅದೇ ಹೊತ್ತಿಗೆ. ಇಬ್ಬರ ದಾರಿ ಕೂಡಲಿಲ್ಲ.

ನಂತರ ಕಾಲ ಸ್ವಲ್ಪ ತಿರುಗಿತು. ಅಮೆರಿಕದಲ್ಲಿರುವ ಸುಭಾಷ್ ಕಾಕ್ ಅವರು ಅಯ್ಯಂಗಾರ್ ಕೆಲಸವನ್ನು ಮತ್ತೆ ಬೆಳಕಿಗೆ ತಂದರು. ಕೀತ್ ಮ್ಯಾಥ್ಯೂಸ್ ಮತ್ತು ಜೊತೆಗಾರರು ಅವರ ಸಿದ್ಧಾಂತವನ್ನು ಮುಂದುವರಿಸಿ, 2010ರಲ್ಲಿ ಪೆಲ್ ಸಮೀಕರಣ ಬಿಡಿಸುವ ಬಗ್ಗೆ ಲೇಖನ ಪ್ರಕಟಿಸಿದರು. ಎಪ್ಪತ್ತು ವರ್ಷ ಮೈಸೂರಿನ ಜರ್ನಲ್ಲಿನಲ್ಲಿ ಮಲಗಿದ್ದ ಸಿದ್ಧಾಂತ ಈಗ ಅದನ್ನು ಕಟ್ಟಿದವರ ಹೆಸರಿನ ಜೊತೆಗೇ ಓಡಾಡುತ್ತಿದೆ.

ಅಪ್ಪ-ಮಗನ ಒಂದು ಸಂಗತಿ ಹೇಳಲೇಬೇಕು. ಕಾಲೇಜಿನ ಮೊದಲ ವರ್ಷ ಮಗ ರಾಮಾನುಜನ್ ತೆಗೆದುಕೊಂಡದ್ದು ಸೈನ್ಸ್. ಇವನದ್ದು ಗಣಿತದ ತಲೆ ಅಲ್ಲ ಅನ್ನುವುದನ್ನು ಗಣಿತದ ಅಪ್ಪನೇ ಗುರುತಿಸಿ, ಒಪ್ಪಿಸಿ, ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿದರು. ಇವತ್ತು ನಮ್ಮಲ್ಲಿ ಎಷ್ಟು ಅಪ್ಪಂದಿರು ಹೀಗೆ ಮಾಡುತ್ತಾರೆ, ನೀವೇ ಹೇಳಿ! ಆ ಮಗ ಮುಂದೆ ರಾಮಾಯಣಕ್ಕೆ ಒಂದೇ ಮೂಲ ಅಂತ ಇಲ್ಲ, ಹೇಳುವವರೆಲ್ಲರೂ ಅದನ್ನು ಹೊಸದಾಗಿ ಕಟ್ಟುತ್ತಾರೆ ಅಂತ ವಾದಿಸಿದರು. ಲೆಕ್ಕ ಯಾರದ್ದು ಅಂತ ಅಪ್ಪ ಕೇಳಿದರು, ಕಥೆ ಯಾರದ್ದು ಅಂತ ಮಗ ಕೇಳಿದರು.

ನಾವೂ ದಿನಾ ಎಲ್ಲಿಂದಲೋ ಕೋಡ್ ತಂದು ಅಂಟಿಸುತ್ತೇವೆ, ಸೀನಿಯರ್ ರೆಕಾರ್ಡ್ ನೋಡಿ ಬರೆಯುತ್ತೇವೆ, ಪ್ರಾಜೆಕ್ಟ್ ರಿಪೋರ್ಟಿನ ಕೊನೆಯಲ್ಲಿ ಹೆಸರುಗಳನ್ನು ಅವಸರದಲ್ಲಿ ತುರುಕುತ್ತೇವೆ. ಯಾರೋ ಒಬ್ಬ ಹೆಸರು ತಪ್ಪಾಗಿ ಬರೆದದ್ದಕ್ಕೆ ಪೆಲ್ ಉಳಿದ, ಜಯದೇವ ಎಂಟುನೂರು ಎಂಬತ್ತು ವರ್ಷ ಕಾಣೆಯಾಗಿದ್ದ. ಅದು ನೆನಪಿರಲಿ. ಲ್ಯಾಬಿನಲ್ಲಿ ಬಿಡುವಾದಾಗ ಚಕ್ರವಾಲವನ್ನು ಪೈಥಾನಿನಲ್ಲಿ ಬರೆದು ನೋಡಿ, ಇಪ್ಪತ್ತು ಸಾಲು ಸಾಕು. 61 ಕೊಡಿ, ಆ ಹತ್ತು ಅಂಕಿಯ ಸಂಖ್ಯೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಮೇಲಿನ ಕಾಮೆಂಟ್ ಸಾಲಿನಲ್ಲಿ ಜಯದೇವ, ಭಾಸ್ಕರಾಚಾರ್ಯ, ಕೃಷ್ಣಸ್ವಾಮಿ ಅಯ್ಯಂಗಾರ್ ಅಂತ ಬರೆಯುವುದನ್ನು ಮಾತ್ರ ಮರೆಯಬೇಡಿ.